ಗೇಟಿನ ಸೆಕ್ಯುರಿಟಿಯವರಿಗೆ ಪ್ರಥಮ ಚಿಕಿತ್ಸೆ ಕಲಿಸಿ

ಮಾನ್ಯ ಸಂಪಾದಕರೇ,

ಕಳೆದ ವಾರ ಕುಂಬಳೆ ಹತ್ತಿರದ ನಮ್ಮ ಕಾರ್ಖಾನೆಯಲ್ಲಿ ಲೋಡಿಂಗ್ ಮಾಡುತ್ತಿದ್ದ ಅಣ್ಣನೊಬ್ಬರು ಕುಸಿದು ಬಿದ್ದರು. ನಾವೆಲ್ಲ ನೀರು ತನ್ನಿ, ಗಾಳಿ ಹಾಕಿ ಅಂತ ಸುಮ್ನೆ ಕೂಗಾಡುತ್ತಿದ್ದೆವು. ಗೇಟಿನಿಂದ ಓಡಿ ಬಂದ ಸೆಕ್ಯುರಿಟಿಯವರು ಉಸಿರಾಟವಿಲ್ಲ ಅಂತ ನೋಡಿ, ನನಗೆ 108ಕ್ಕೆ ಫೋನ್ ಮಾಡಲು ಹೇಳಿ, ಟೋಪಿ ತೆಗೆದಿಟ್ಟು ಎದೆಯ ನಡುವೆ ಎರಡೂ ಕೈಯಿಟ್ಟು ಒತ್ತತೊಡಗಿದರು. ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂ.ಮೀ. ಆಳಕ್ಕೆ ಒತ್ತಬೇಕು. ಅಂಗಿ ಬೆವರಲ್ಲಿ ತೊಯ್ದರೂ ಆಂಬ್ಯುಲೆನ್ಸ್ ಬರುವವರೆಗೆ ನಿಲ್ಲಿಸಲಿಲ್ಲ. ಅಣ್ಣ ಬದುಕಿದರು.

ಇದನ್ನು ಕಂಪನಿ ಕಲಿಸಿದ್ದಲ್ಲ, ಅವರು ಸೇನೆಯಲ್ಲಿದ್ದಾಗ ಕಲಿತದ್ದು. ಆ ದಿನ ಗೇಟಿನಲ್ಲಿ ಬೇರೆಯವರಿದ್ದಿದ್ದರೆ? ಕಾಯಿಲೆ ಜಾಸ್ತಿಯಾದರೆ ಗಡಿಯ ತಲಪಾಡಿ ದಾಟಿ ಮಂಗಳೂರಿಗೇ ಓಡುವವರು ನಾವು, ದಾರಿ ಸವೆಯುವ ಮೊದಲೇ ಯಾರಾದರೂ ಕೈಹಾಕಬೇಕಲ್ವಾ? ಕನ್ನಡ, ತುಳು, ಮಲಯಾಳ ಯಾವ ಭಾಷೆಯಲ್ಲಾದರೂ ಸರಿ, ಕಾಸರಗೋಡಿನ ಕಂಪನಿಗಳು ಎಲ್ಲ ಪಾಳಿಯವರಿಗೂ ಇದನ್ನು ಕಲಿಸಲಿ.

ಒಬ್ಬ ಕಾರ್ಮಿಕ, ಕುಂಬಳೆ