ಇಜಿಆರ್ ಕಿತ್ತು ಹಾಕುವುದು ರಿಪೇರಿ ಅಲ್ಲ

ಮಾನ್ಯರೇ,

ಡೀಸೆಲ್ ಕಾರಿನ ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಇಂಜಿನ್ನಿಗೆ ಮರಳಿಸುವ ಕವಾಟ) ಪದೇ ಪದೇ ಮಸಿಯಿಂದ ಕಟ್ಟಿಕೊಳ್ಳುತ್ತದೆ, ಏನು ಮಾಡಲಿ ಎಂದು ಕೇಳಿದ ಓದುಗರಿಗೆ ನಿಮ್ಮ ವಾಹನ ಅಂಕಣದಲ್ಲಿ 'ಪೂರ್ತಿ ತೆಗೆಸಿಬಿಡಿ, ಪಿಕಪ್ಪೂ ಹೆಚ್ಚುತ್ತದೆ' ಎಂಬ ಉತ್ತರ ಬಂದಿದೆ. ಗ್ಯಾರೇಜುಗಳಲ್ಲಿ ಈ ಮಾತು ಮಾಮೂಲು. ಪತ್ರಿಕೆಯೂ ಅದನ್ನೇ ಹೇಳಿದರೆ ಹೇಗೆ?

ಇಜಿಆರ್ ಇರುವುದು ಸುಮ್ನೆ ಅಲ್ಲ. ಇಂಜಿನ್‌ನಿಂದ ಹೊರಟ ಹೊಗೆಯಲ್ಲಿ ಒಂದು ಪಾಲನ್ನು ಅದು ತಿರುಗಿಸಿ, ಕೂಲರ್‌ನಲ್ಲಿ ತಣಿಸಿ, ಮತ್ತೆ ಸಿಲಿಂಡರಿಗೆ ಬಿಡುತ್ತದೆ. ಒಮ್ಮೆ ಉರಿದ ಗಾಳಿಯಲ್ಲಿ ಆಮ್ಲಜನಕ ಕಮ್ಮಿ. ಅದು ಬೆರೆತಾಗ ಒಳಗಿನ ಉರಿಯ ತಾಪ ಇಳಿಯುತ್ತದೆ. ತಾಪ ತೀರಾ ಏರಿದರೆ ಗಾಳಿಯ ಸಾರಜನಕ ಆಮ್ಲಜನಕದ ಜೊತೆ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಇದು ಶ್ವಾಸಕೋಶಕ್ಕೆ ಕೆಟ್ಟದ್ದು. ಬಿಸಿಲಿಗೆ ಸಿಕ್ಕಿದರೆ ನೆಲಮಟ್ಟದ ಓಝೋನ್ ಹುಟ್ಟಲೂ ಕಾರಣ. 1970ರ ದಶಕದಿಂದ ಕಾರುಗಳಲ್ಲಿ ಇಜಿಆರ್ ಇರುವುದು ಇದನ್ನು ತಡೆಯುವುದಕ್ಕೆ.

ಇನ್ನು ಪಿಕಪ್ ವಿಷಯ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸಾಮಾನ್ಯವಾಗಿ ಈ ವಾಲ್ವ್ ಮುಚ್ಚಿಯೇ ಇರುತ್ತದೆ. ಮುಚ್ಚಿದ ಬಾಗಿಲನ್ನು ಕಿತ್ತು ಹಾಕಿದರೆ ಪೂರ್ತಿ ಶಕ್ತಿ ಎಲ್ಲಿಂದ ಹೆಚ್ಚಾಗಬೇಕು? ತೆಗೆಸಿದವರಿಗೆ ಕಾರು ಚುರುಕಾಗಿದೆ ಅನ್ನಿಸುವುದು ನಿಜ. ಒಂದೋ ಮೊದಲಿನ ವಾಲ್ವ್ ಅರ್ಧ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡಿತ್ತು, ಇಲ್ಲವೇ ರೀಮ್ಯಾಪ್ ಮಾಡಿದವರು, ಅಂದರೆ ಇಂಜಿನ್ನಿನ ಸಾಫ್ಟ್‌ವೇರ್ ತಿದ್ದಿದವರು, ಡೀಸೆಲ್ ಜಾಸ್ತಿ ಬಿಡುವಂತೆ ಬರೆದಿದ್ದಾರೆ.

ಕಟ್ಟಿಕೊಳ್ಳುವ ಕಾಟ ಸುಳ್ಳಲ್ಲ. ಹೊಗೆಯ ಮಸಿ, ಇಂಜಿನ್ ಆಯಿಲ್‌ನ ಆವಿ ಎರಡೂ ಕೂಡಿ ಸಿಲಿಂಡರಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೆ ಟಾರಿನಂತೆ ಮೆತ್ತಿಕೊಳ್ಳುತ್ತವೆ. ಇಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ನಿಲ್ಲುವ ಸಣ್ಣ ಓಡಾಟದ ಕಾರುಗಳಿಗೆ ಇದು ಜಾಸ್ತಿ. ಆದರೆ ಮಸಿ ಯಾಕೆ ಅಷ್ಟು ಬರುತ್ತಿದೆ ಎಂದು ಎಷ್ಟು ಜನ ನೋಡುತ್ತಾರೆ? ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಸೋರುತ್ತಿರಬಹುದು. ಗಾಳಿ ಒತ್ತಿ ತುಂಬುವ ಟರ್ಬೊದ ಸೀಲ್ ಸವೆದು ಆಯಿಲ್ ಒಳಗೆ ಬರುತ್ತಿರಬಹುದು. ಹೋಸ್ ಬಿರುಕು ಬಿಟ್ಟಿರಬಹುದು, ಏರ್‌ಫ್ಲೋ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತಿರಬಹುದು. ಇಜಿಆರ್ ತೆಗೆದರೂ ಇವೆಲ್ಲ ಹಾಗೇ ಉಳಿಯುತ್ತವೆ. ಮಸಿ ಮುಂದೆ ಹೋಗಿ, ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಆದ ಡಿಪಿಎಫ್‌ನಲ್ಲಿ ಕೂರುತ್ತದೆ. ಆಗ ಅದನ್ನೂ ತೆಗೆಸಿ ಅನ್ನುತ್ತಾರೆ!

ಕಂಪನಿಗಳಿಗೂ ಇದರಲ್ಲಿ ಪಾಲಿದೆ. ಎಷ್ಟೋ ಕಾರುಗಳಲ್ಲಿ ವಾಲ್ವನ್ನು ಇಂಜಿನ್ ಹಿಂದೆ, ಕೈ ಹೋಗದ ಜಾಗದಲ್ಲಿ ಇಟ್ಟಿರುತ್ತಾರೆ. ಬಿಚ್ಚಿ ಉಜ್ಜಲು ಅರ್ಧ ಇಂಜಿನ್ ಕೈಗೆ ಬರಬೇಕು. ಕೂಲಿಯೇ ದುಬಾರಿ ಆದಾಗ ಮಾಲೀಕ ಸುಲಭದ ದಾರಿ ಹುಡುಕದೆ ಏನು ಮಾಡಿಯಾನು?

ಹೊಸ ಕಾರುಗಳಲ್ಲಿ ಬರೀ ತಗಡು ಕೂರಿಸಿ ಪೈಪ್ ಮುಚ್ಚಿದರೆ ಚೆಕ್ ಇಂಜಿನ್ ದೀಪ ಹತ್ತುತ್ತದೆ. ಅದಕ್ಕೇ ಸಾಫ್ಟ್‌ವೇರ್ ತಿದ್ದುವುದು. 2015ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಸಾಫ್ಟ್‌ವೇರ್ ಮೋಸದಲ್ಲಿ ಸಿಕ್ಕಿಬಿದ್ದದ್ದು ನೆನಪಿದೆಯಲ್ವಾ? ಲ್ಯಾಬ್ ಪರೀಕ್ಷೆಯಲ್ಲಿ ಶಿಸ್ತಾಗಿದ್ದ ಡೀಸೆಲ್ ಕಾರುಗಳಲ್ಲಿ ಕೆಲವು ರಸ್ತೆಯಲ್ಲಿ ಮಿತಿಯ 40 ಪಟ್ಟಿನವರೆಗೂ ನೈಟ್ರೋಜನ್ ಆಕ್ಸೈಡ್ ಉಗುಳುತ್ತಿದ್ದವು. ಅಮೆರಿಕದ ಪರಿಸರ ಸಂಸ್ಥೆ ಬಯಲಿಗೆಳೆದಾಗ ಎಲ್ಲರೂ ಬೈದರು. ಆ ಕಂಪನಿ ಕದ್ದು ಮಾಡಿದ್ದನ್ನು ಈಗ ನಾವೇ ದುಡ್ಡು ಕೊಟ್ಟು ಮಾಡಿಸುತ್ತಿದ್ದೇವೆ.

ಸಿಕ್ಕಿಬೀಳುವ ಭಯವೂ ಕಮ್ಮಿ. ಎಷ್ಟೋ ಕಡೆ ಡೀಸೆಲ್ ಕಾರಿನ ಹೊಗೆ ತಪಾಸಣೆಯಲ್ಲಿ ನೋಡುವುದು ಹೊಗೆ ಎಷ್ಟು ದಟ್ಟ ಎಂಬುದನ್ನು ಮಾತ್ರ. ಇಜಿಆರ್ ತೆಗೆದರೆ ಮಸಿ ಸ್ವಲ್ಪ ಕಡಿಮೆಯೇ ಆಗುತ್ತದೆ. ನೈಟ್ರೋಜನ್ ಆಕ್ಸೈಡ್ ಏರಿರುತ್ತದೆ, ಆದರೆ ಆ ಯಂತ್ರಕ್ಕೆ ಅದು ಕಾಣುವುದೇ ಇಲ್ಲ. ಕಾರು ಮೊದಲಿಗಿಂತ ಚೆನ್ನಾಗಿ ಪಾಸಾಗುತ್ತದೆ! ಡಿಪಿಎಫ್ ಕಿತ್ತವರನ್ನು ಹಿಡಿಯಲು ನೆದರ್ಲೆಂಡ್ಸ್, ಜರ್ಮನಿಗಳು 2023ರಲ್ಲಿ ಹೊಗೆಯ ಕಣ ಎಣಿಸುವ ಪರೀಕ್ಷೆ ತಂದವು. ನೈಟ್ರೋಜನ್ ಆಕ್ಸೈಡಿಗೂ ಅಂಥದ್ದೊಂದು ಬರಬೇಕು.

ಸದ್ಯಕ್ಕೆ ಅಂಕಣಕಾರರು ಆ ಓದುಗರಿಗೆ ಇನ್ನೊಂದು ಉತ್ತರ ಬರೆಯಲಿ. ವಾಲ್ವ್ ಬಿಚ್ಚಿ ಸ್ವಚ್ಛ ಮಾಡಿಸಿ, ಜೊತೆಗೆ ಇಂಜೆಕ್ಟರ್, ಟರ್ಬೊ, ಹೋಸ್‌ಗಳನ್ನು ಒಮ್ಮೆ ತೋರಿಸಿ ಎಂದರೆ ಸಾಕು. ಕೂಲೆಂಟ್ (ಇಂಜಿನ್ ತಣಿಸುವ ದ್ರವ) ಸುಮ್ಮನೆ ಕಡಿಮೆಯಾಗುತ್ತಿದ್ದರೆ ಇಜಿಆರ್ ಕೂಲರ್ ಸೋರುತ್ತಿದೆಯೇ ಎಂದೂ ನೋಡಿಸಬೇಕು. ಅದನ್ನು ಮಾತ್ರ ಮುಂದೂಡಬಾರದು.

ಇತಿ,
ಒಬ್ಬ ಡೀಸೆಲ್ ಕಾರಿನ ಮಾಲೀಕ