ಕೆಲಸ ಬಿಡುವ ಮುಂಚೆ ಇದನ್ನು ಓದು

ಪುಟ್ಟೀ,

ನಿನ್ನೆ ರಾತ್ರಿ ಅಕ್ಕ ಫೋನ್ ಮಾಡಿದ್ದಳು. ಹೋದ ವಾರ ನಿನ್ನ ಪಿಯಾನೋ ಕೇಳಕ್ಕೆ ಹನ್ನೊಂದು ಜನ ಬಂದಿದ್ದರಂತೆ, ಅದರಲ್ಲಿ ನಾಲ್ಕು ಜನ ಮಧ್ಯದಲ್ಲೇ ಎದ್ದು ಹೋದರಂತೆ. ನೀನು ಊಟ ಮಾಡದೆ ಮಲಗಿದೆಯಂತೆ. ಬೆಳಿಗ್ಗೆ ಎದ್ದು, ಕೆಲಸ ಬಿಡ್ತೀನಿ, ಇಲ್ಲದಿದ್ದರೆ ಪಿಯಾನೋನೇ ಬಿಡ್ತೀನಿ ಅಂದೆಯಂತೆ. ಎರಡನ್ನೂ ಬಿಡಬೇಡ, ಸ್ವಲ್ಪ ತಾಳು.

ಜಾಜ್ ಪಿಯಾನೋ ನುಡಿಸುತ್ತಿದ್ದ ಸೆಸಿಲ್ ಟೇಲರ್ ಅಂದರೆ ನಿನಗೆ ಪ್ರಾಣ ಅಲ್ವಾ? ಅವರ ಬದುಕನ್ನೂ ಒಂದು ಸಲ ನೋಡು. 1929ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವರು. ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯಲ್ಲಿ ಕಲಿತರು. 1956ಕ್ಕೆ ಮೊದಲ ರೆಕಾರ್ಡ್ ಮಾಡಿದರು, ಮರುವರ್ಷವೇ ನ್ಯೂಪೋರ್ಟ್ ಜಾಜ್ ಉತ್ಸವದಲ್ಲಿ ನುಡಿಸಿದರು. ಇಷ್ಟು ಓದಿದರೆ ದಾರಿ ಸಲೀಸಾಯ್ತು ಅನ್ನಿಸುತ್ತೆ, ಆದರೆ ಆಗಲಿಲ್ಲ. ಇದರಲ್ಲಿ ತಾಳ ಎಲ್ಲಿದೆ ಅಂತ ಕೇಳಿದವರೇ ಜಾಸ್ತಿ, ಕ್ಲಬ್‌ಗಳಿಂದ ಕರೆ ಬರೋದು ಕಮ್ಮಿಯಾಯ್ತು, ಹೊಟ್ಟೆಪಾಡಿಗೆ ಹೋಟೆಲಿನಲ್ಲಿ ಪಾತ್ರೆ ತೊಳೆದರು. ಆದರೂ ಮನೆಗೆ ಬಂದು ಪಿಯಾನೋ ಮುಂದೆ ಕೂರುತ್ತಿದ್ದರು, ಎದುರಿಗೆ ಸಭೆ ಕೂತಿದೆ ಅಂದುಕೊಂಡು ಒಬ್ಬರೇ ಪೂರ್ತಿ ಕಛೇರಿ ನುಡಿಸುತ್ತಿದ್ದರು. ನನಗೆ ಅವರ ಎಲ್ಲ ಪ್ರಶಸ್ತಿಗಳಿಗಿಂತ ಆ ಖಾಲಿ ಕೋಣೆಯೇ ದೊಡ್ಡದು.

ನೀನು ಆ ರಾತ್ರಿ ಜನ ಎದ್ದ ಮೇಲೆ ಬೇಗ ಬೇಗ ಮುಗಿಸಿಬಿಟ್ಟೆಯಂತೆ. ಅದು ನನಗೆ ಬೇಜಾರಾಯ್ತು. ಉಳಿದ ಏಳು ಜನ ಏನು ಪಾಪ ಮಾಡಿದ್ದರು?

ಟೇಲರ್ ಅವರ ಹಳೇ ವಿಡಿಯೋ ಹಾಕಿ, ಶಬ್ದ ನಿಲ್ಲಿಸಿ, ಬರೀ ಕೈ ನೋಡು. ಅಂಗೈಯಲ್ಲಿ ಹೊಡೀತಾರೆ, ಮುಷ್ಟಿಯಲ್ಲಿ ಹೊಡೀತಾರೆ, ಮೊಣಕೈವರೆಗೂ ಇಳಿಸುತ್ತಾರೆ. ಸುಮ್ನೆ ಬಡಿತಿದ್ದಾರೆ ಅನ್ನಿಸುತ್ತೆ. ಆಮೇಲೆ ಶಬ್ದ ಹಾಕು. ಎಡಗೈ ಕೆಳಗಡೆ ಒಂದು ಚಿಕ್ಕ ಮಾತು ಆಡುತ್ತೆ, ಬಲಗೈ ಮೇಲಿಂದ ಅದಕ್ಕೆ ಜವಾಬು ಕೊಡುತ್ತೆ, ಸ್ವಲ್ಪ ಹೊತ್ತಿಗೆ ಅದೇ ಮಾತು ಬೇರೆ ವೇಷದಲ್ಲಿ ತಿರುಗಿ ಬರುತ್ತೆ. ಅವರ 88 ಕೀಗಳ ಪಿಯಾನೋವನ್ನು ಶ್ರುತಿ ಮಾಡಿದ 88 ಡ್ರಮ್ ಅಂತ ಕರೆದರು, ಸರಿಯಾಗೇ ಇದೆ. ಆದರೆ ಆ ಡ್ರಮ್ಮಿನ ಹಿಂದೆ ಎಲಿಂಗ್ಟನ್, ಮಾಂಕ್ ಅನ್ನೋ ಹಿರಿಯ ಜಾಜ್ ಪಿಯಾನೋದವರಿಬ್ಬರನ್ನೂ ಅರೆದು ಕುಡಿದ ಕೈ ಇದೆ. ಬಡಿಯೋದನ್ನ ಮಾತ್ರ ಕಲಿತು ಆ ಹಿರಿಯರನ್ನ ಕಲಿಯೋದು ಬಿಟ್ಟೀಯ ಮತ್ತೆ.

ಇನ್ನೊಂದು ಮಾತು, ಒಬ್ಬಳೇ ಆಗಬೇಡ. ಸ್ಯಾಕ್ಸೋಫೋನಿನ ಜಿಮ್ಮಿ ಲಯನ್ಸ್ 1961ರ ಸುಮಾರಿಗೆ ಟೇಲರ್ ಅವರ ಜೊತೆ ಸೇರಿದವರು, 1986ರಲ್ಲಿ ತೀರಿಕೊಳ್ಳುವ ತನಕ ಬಿಟ್ಟು ಹೋಗಲಿಲ್ಲ. ಕೆಲಸ ಇಲ್ಲದ ಕಾಲದಲ್ಲೂ ಇದ್ದರು. ನಿನ್ನ ಡ್ರಮ್ ಹುಡುಗನ ಜೊತೆ ಮಾತು ಬಿಟ್ಟಿದ್ದೀಯಂತಲ್ಲ, ಈ ಭಾನುವಾರ ನೀನೇ ಫೋನ್ ಮಾಡು.

ದುಡ್ಡಿನ ವಿಷಯ. ಟೇಲರ್ ಅವರಿಗೆ 1973ರಲ್ಲಿ ಕಲಾವಿದರಿಗೆ ಹಣಸಹಾಯ ಕೊಡುವ ಗುಗೆನ್‌ಹೈಮ್ ಫೆಲೋಶಿಪ್ ಬಂತು, 1991ರಲ್ಲಿ ಅಂಥದೇ ಮ್ಯಾಕ್ಆರ್ಥರ್ ಫೆಲೋಶಿಪ್, 2013ರಲ್ಲಿ ಜಪಾನಿನ ಕ್ಯೋಟೋ ಪ್ರಶಸ್ತಿ. ಆ ಕ್ಯೋಟೋದ ಸುಮಾರು 5 ಲಕ್ಷ ಡಾಲರನ್ನು ಪರಿಚಯದ ಕಂಟ್ರಾಕ್ಟರ್ ಒಬ್ಬ ಮೋಸ ಮಾಡಿ ತನ್ನ ಖಾತೆಗೆ ಹಾಕಿಸಿಕೊಂಡ. ಎಂಬತ್ತು ದಾಟಿದ ಮನುಷ್ಯನಿಗೆ ಹಾಗೆ ಮಾಡಿದನಲ್ಲ ಅಂತ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನಿನ್ನ ಖಾತೆ ನೀನೇ ನೋಡಿಕೋ. ಯಾರು ಎಷ್ಟೇ ಒಳ್ಳೆಯವರಾದರೂ ಓದದೆ ಸಹಿ ಹಾಕಬೇಡ.

ಒಂದು ವರ್ಷ ಕೆಲಸ ಇಟ್ಟುಕೋ. ಬೆಳಿಗ್ಗೆ ಎರಡು ಗಂಟೆ ಅಭ್ಯಾಸ ತಪ್ಪಿಸಬೇಡ. ಅಕ್ಕನಿಗೆ ನಾನು ಹೇಳ್ತೀನಿ. ಕೀಬೋರ್ಡಿನ ಪೆಡಲ್ ಕೆಟ್ಟಿದೆ ಅಂದಿದ್ದೆಯಲ್ಲ, ದುಡ್ಡು ಹಾಕಿದ್ದೀನಿ, ಒಳ್ಳೇದೇ ತಗೋ. ಮುಂದಿನ ಕಾರ್ಯಕ್ರಮದ ದಿನಾಂಕ ಗೊತ್ತಾದ ಕೂಡಲೇ ತಿಳಿಸು, ಟ್ರೇನ್ ಟಿಕೆಟ್ ಮಾಡಿಸಬೇಕು. ಅತ್ತೆಯೂ ಬರ್ತಾಳೆ.

ನಿನ್ನ ಮಾವ