ಸಂಘದ ಅಂಗಳಕ್ಕೆ ಕಾಂಕ್ರೀಟ್ ಬೇಡ

ಸದಸ್ಯರಿಗೆ ನಮಸ್ಕಾರ. ಸಂಘದ ಹಿಂದಿನ ಅಂಗಳಕ್ಕೆ ಕಾಂಕ್ರೀಟ್ ಹಾಕಿಸುವ ವಿಷಯ ಭಾನುವಾರದ ಸಭೆಗೆ ಬರಲಿದೆ. ಅದಕ್ಕೆ ನನ್ನ ವಿರೋಧವಿದೆ: ಮಳೆನೀರು ಇಂಗಲು ಅಲ್ಲಿ ಮಣ್ಣು ಉಳಿಯಬೇಕು.

2005ರ ಜುಲೈ 26ರಂದು ನಮ್ಮ ಮುಂಬೈಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅಷ್ಟನ್ನು ಯಾವ ಅಂಗಳವೂ ಹೀರಲಾರದು, ನಿಜ. ಆದರೆ ಮುಂಬೈಯ ವರ್ಷವರ್ಷದ ಗೋಳು ಬೇರೆ: ಸಮುದ್ರ ಉಬ್ಬರದಲ್ಲಿರುವಾಗ ಚರಂಡಿಯ ನೀರು ಹೊರಗೆ ಹರಿಯದು. ಆ ಕೆಲವು ಗಂಟೆ ನೀರಿಗೆ ನಿಲ್ಲಲು ಜಾಗ ಬೇಕು. ಮಳೆಗೆ ನೀರು ನಿಲ್ಲುವ ತಗ್ಗು ಪ್ರದೇಶವಾದ ಹಿಂದ್‌ಮಾತಾದ ನೀರಿಗಾಗಿ ಪಾಲಿಕೆ ದಾದರ್‌ನ ಪ್ರಮೋದ್ ಮಹಾಜನ್ ಉದ್ಯಾನದ ಅಡಿಯಲ್ಲಿ ತೊಟ್ಟಿ ಕಟ್ಟಿಸಿದ್ದು ಇದಕ್ಕೇ. ನಮಗೆ ತೊಟ್ಟಿ ಬೇಕಿಲ್ಲ; ಗೋಡೆಯಿಂದ ದೂರಕ್ಕೆ ಮಣ್ಣನ್ನು ಅರ್ಧ ಅಡಿ ತಗ್ಗಿಸಿ ಹುಲ್ಲು, ಕೆಸು, ಬಾಳೆ ಬೆಳೆಸಿದರೆ ಸಾಕು, ಚಾವಣಿಯ ನೀರು ಬಹುಪಾಲು ಅಲ್ಲೇ ಇಂಗುತ್ತದೆ.

ಕಾರು ನಿಲ್ಲಿಸಲು ಜಾಗವೆಲ್ಲಿ ಎಂದು ಕೇಳುವವರಿದ್ದೀರಿ, ಗೊತ್ತು. ಲೋಕಲ್ ರೈಲಿನಲ್ಲಿ ಬನ್ನಿ! ಉಳಿದ ಆಕ್ಷೇಪಗಳನ್ನು ಶನಿವಾರದೊಳಗೆ ಇಲ್ಲಿ ಬರೆಯಿರಿ.